ಗುರುವಿಗೆ ಹೊಲಿದ ಕೋಟು

ಕೃಷ್ಣಾ ನದಿಯ ದಂಡೆಯಲ್ಲಿ ಪಾಂಡೋಬ ಎಂಬ ಸಿಂಪಿಗನಿದ್ದ. ವಿಲಾಯಿತಿ ಕೋಟಿನ ಭುಜಕ್ಕೆ ದಾರದ ಕಸೆ ಕಟ್ಟುವ ನಮ್ಮ ಅಂಗರಖಾದ ಎದೆ ಕೂಡಿಸಿ ಅವನು ಹೊಲಿದರೆ, ಎರಡೂ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತಿದ್ದವು.

ಅವನದೊಂದು ಪದ್ಧತಿ. ಬಂದವರು ಎಂಥ ದೊಡ್ಡವರೇ ಆಗಲಿ, ಟೇಪು ಹಿಡಿಯುವ ಮೊದಲು ಹೇಳುತ್ತಿದ್ದ: "ಕೃಷ್ಣವ್ವಗ ಕೈ ಮುಗೀರಿ. ಕೈ ತಲಿ ಮ್ಯಾಲ ಬರಲಿ."

ದೇಸಾಯರು ಕೈ ಮುಗಿದರು. ಪರದೇಶದ ಪಾದ್ರಿಯೂ ಮುಗಿದ. ಪಾಂಡೋಬ ಹಿಂದೆ ನಿಂತು ಅವರ ಬೆನ್ನನ್ನೇ ನೋಡುತ್ತಿದ್ದ.

ಅವನ ಶಿಷ್ಯ ಲಗಮಣ್ಣ ಹನ್ನೆರಡು ವರ್ಷ ಇದನ್ನು ಕಂಡ. ಗುರುಗಳಿಗೆ ಹೊಳೆಯ ಮೇಲೆ ಬಹಳ ಭಕ್ತಿ ಎಂದುಕೊಂಡ.

ಗುರು ಹಾಸಿಗೆ ಹಿಡಿದ. ಇನ್ನೊಂದು ತಿಂಗಳು ಎಂದು ವೈದ್ಯರು ಕೈಚೆಲ್ಲಿದರು. ಗೋಡೆಯ ಮೇಲೆ ಗುರುವಿನ ಕತ್ತರಿ ತೂಗುತ್ತಿತ್ತು. ಲಗಮಣ್ಣನ ಜೀವವೆಲ್ಲ ಅದರ ಮೇಲೆಯೇ.

"ಗುರುಗಳ, ಆ ಕತ್ತರಿ ಯಾರಿಗ್ರಿ?"

"ನನಗೊಂದು ಕೋಟು ಹೊಲಿ. ಆಮ್ಯಾಲ ಹೇಳ್ತೀನಿ."

ಕಾಯಿಲೆಯವರನ್ನು ಎಬ್ಬಿಸಿ ನಿಲ್ಲಿಸುವುದೇಕೆ? ಗುರು ಮಧ್ಯಾಹ್ನ ನಿದ್ದೆಹೋದಾಗ ಲಗಮಣ್ಣ ಮೆಲ್ಲಗೆ ಅಳತೆ ತೆಗೆದ. ಪಾಪ, ಉಸಿರು ಕೂಡ ಬಿಗಿಹಿಡಿದಿದ್ದ.

ಇಪ್ಪತ್ತು ದಿನ ಹೊಲಿದ. ವಿಲಾಯಿತಿ ಭುಜ, ಮಗ್ಗುಲಿಗೆ ಅಂಗರಖಾದ ಕಸೆ, ಜಪಾನದವರ ಹಾಗೆ ಎದ್ದು ನಿಂತ ಕಾಲರು. ಸುಳ್ಳೇಕೆ ಹೇಳಲಿ, ಅಂಥ ಕೋಟನ್ನು ಆ ಊರು ಕಂಡಿರಲಿಲ್ಲ.

ಗುರು ಗೋಡೆ ಹಿಡಿದು ಎದ್ದು ತೊಟ್ಟುಕೊಂಡ. ಕನ್ನಡಿಯ ಮುಂದೆ ನಿಂತ. ಎಲ್ಲೂ ಒಂದು ನೆರಿಗೆಯಿಲ್ಲ.

"ಭುಜ ಛಲೋ ಕುಂತೈತಿ. ಕಾಲರು ನನಗಿಂತ ಛಲೋ ಮಾಡೀದಿ."

ಲಗಮಣ್ಣನ ಕಣ್ಣು ತುಂಬಿ ಬಂತು. "ಹಂಗಾದ್ರ ಕತ್ತರಿ...?"

ಗುರು ಕಿಟಕಿಯಾಚೆಯ ಹೊಳೆಯತ್ತ ತಿರುಗಿ ಕೈ ಎತ್ತಿದ.

ಕೈಗಳು ಎದೆಯ ತನಕ ಬಂದು ನಿಂತವು. ಬೆನ್ನಿನ ಬಟ್ಟೆ ಬಿಗಿದು ಹಿಡಿದಿತ್ತು. ಇನ್ನೊಮ್ಮೆ ಎತ್ತಿದ. ಎರಡು ಅಂಗೈ ಒಂದಕ್ಕೊಂದು ಕೂಡಲಿಲ್ಲ.

"ಅಳತಿ ಯಾವಾಗ ತಗೊಂಡಿ?"

"ನೀವು ಮಲಗಿದ್ದಾಗ್ರಿ." ಹನ್ನೆರಡು ವರ್ಷದ ನಮಸ್ಕಾರಗಳೆಲ್ಲ ಕೈ ಎತ್ತಿದಾಗಿನ ಬೆನ್ನು ಅಳೆಯಲಿಕ್ಕೆಂದು ಲಗಮಣ್ಣನಿಗೆ ಆಗ ತಿಳಿಯಿತು. ತಡವಾಗಿತ್ತು.

"ಬಿಚ್ಚಿ ಕೊಡ್ರಿ ಗುರುಗಳ. ಬ್ಯಾರೇದು ಹೊಲೀತೀನಿ. ಒಂದು ವಾರ ಕೊಡ್ರಿ ಸಾಕು."

ಗುರು ಕಸೆ ಬಿಚ್ಚಿದ. ಕೋಟನ್ನು ಮಗುವನ್ನು ಒಪ್ಪಿಸುವಂತೆ ಶಿಷ್ಯನ ಕೈಗಿಟ್ಟು, ಮತ್ತೆ ಹಾಸಿಗೆಗೆ ಒರಗಿದ.

"ಕತ್ತರಿ ಅಲ್ಲೇ ಇರಲಿ. ಇದನ್ನ ಮಡಿಚಿಡು. ಇನ್ನ ನಾಕ ದಿನಕ್ಕ ನನಗ ಸರಿಯಾಗಿ ಹೊಂದತೈತಿ."