ನಡುಗಿದವರ ಗುಡ್ಡ

ನಮ್ಮೂರಿನ ಮೂಡಲಿಗೆ ಮರವಿಲ್ಲದ ಒಂದು ಬೋಳುಗುಡ್ಡವಿದೆ. ನೆತ್ತಿಯ ಮೇಲೆ ಬೀರಪ್ಪಸ್ವಾಮಿಯ ಪುಟ್ಟ ಗುಡಿ, ಸುತ್ತ ಜಾಲಿಮುಳ್ಳು, ಸದಾ ಬೀಸುವ ಗಾಳಿ. ಇದಕ್ಕೆ ನಡುಗಿದವರ ಗುಡ್ಡ ಎಂದು ಹೆಸರು. ಹೊಸಬರು ಹೆಸರು ಕೇಳಿ ದೆವ್ವದ ಕಾಟವಿರಬೇಕು ಅಂದುಕೊಳ್ಳುತ್ತಾರೆ. ಇದು ಭಯದ ನಡುಕವಲ್ಲ, ಚಳಿಯದು. ಹಿರಿಯರ ಬಾಯಿಂದ ಕೇಳಿದ್ದನ್ನು ಸ್ವಾಮಿಯನ್ನು ನೆನೆದು ಬರೆಯುತ್ತಿದ್ದೇನೆ.

ಹಿಂದೆ ಒಮ್ಮೆ, ಈ ಗುಡ್ಡದ ಮೇಲೆ ಕುರಿ ಮೇಯಿಸುತ್ತಿದ್ದ ಕಾಟಯ್ಯನೆಂಬ ಕುರುಬನು ಮಗಳು ದ್ಯಾಮಕ್ಕನಿಗೆ ಮದುವೆ ಗೊತ್ತುಮಾಡಿದನಂತೆ. ಹೆಣ್ಣುಗಂಡು ಹೊಸ ಕಂಬಳಿಯ ಮೇಲೆ ಕೂರುವುದು ಅವರ ಪದ್ಧತಿ. ಹಸೆಯ ಕಂಬಳಿಗಳನ್ನು ನೇಯ್ದಾಗಿತ್ತು. ಬೀಗರ ಉಡುಗೊರೆಗೆ ಮಾತ್ರ ಉಣ್ಣೆ ಸಾಲಲಿಲ್ಲ. ಚಳಿಗಾಲ ಕಳೆಯುವವರೆಗೂ ಕಾಯದೆ, ಮಗಳ ಮೇಲಿನ ಅಕ್ಕರೆಗೆ ಕಾಟಯ್ಯ ಇಡೀ ಹಿಂಡಿನ ಉಣ್ಣೆ ಕತ್ತರಿಸಿಬಿಟ್ಟ. ಮರುದಿನ ಮಧ್ಯಾಹ್ನವೇ ಗಾಳಿಯೊಡನೆ ಅಕಾಲದ ಮಳೆ ಹಿಡಿಯಿತು. ಬರಿಮೈಯ ಕುರಿಗಳು ಒಂದಕ್ಕೊಂದು ಒತ್ತಿಕೊಂಡು ಗಡಗಡ ನಡುಗಿದವು. ಎಳೆಮರಿಗಳು ಒಂದೊಂದಾಗಿ ಕುಸಿಯತೊಡಗಿದವು.

"ಬೀಗರಿಗೆ ಹೊದಿಸಾಕೆ ಹೋಗಿ ಇವನ್ನ ಬೆತ್ತಲೆ ಮಾಡಿದೆಯಲ್ಲ, ಈಗ ನಿನ್ನ ಪಂಚೆ ಹೊದಿಸು" ಎಂದಳು ಹೆಂಡತಿ ಸಣ್ಣಮ್ಮ. ದ್ಯಾಮಕ್ಕ ಮನೆಗೆ ಓಡಿ, ತನ್ನ ಮದುವೆಯ ಕಂಬಳಿಗಳನ್ನೆಲ್ಲ ಹೊತ್ತು ತಂದಳು.

"ಬ್ಯಾಡ ಕಣವ್ವ, ಹಸೆಗೆ ಹಾಸೋವು ಅವು" ಎಂದು ತಂದೆ ತಡೆದ.

"ಹಿಂಡೇ ಹೋದಮ್ಯಾಲೆ ಯಾವ ಹಸೆ, ಬಿಡಪ್ಪ" ಎಂದು ಅವಳು ಮರಿಗಳಿಗೆ ಸುತ್ತಿದಳು. ಅವಳ ಕಂಬಳಿ ಸಾಲದ್ದನ್ನು ಕಂಡು, ಸುದ್ದಿ ತಿಳಿದು ಗುಡ್ಡ ಹತ್ತಿ ಬಂದಿದ್ದ ಊರಿನವರು ತಮ್ಮ ಹೆಗಲ ಮೇಲಿನವನ್ನೂ ತೆಗೆದು ಕುರಿಗಳಿಗೆ ಹೊದಿಸಿದರು. ತಾವು ಚಳಿಗೆ ಹಲ್ಲು ಕಟಕಟಿಸುತ್ತ, ಮಳೆ ನಿಲ್ಲುವ ತನಕ ಗಾಳಿಗೆ ಅಡ್ಡವಾಗಿ ಕೂತರು. ಹಿಂಡು ಉಳಿಯಿತು.

ಸುದ್ದಿ ಕೇಳಿ ಗಂಡಿನ ತಂದೆ ಮಲಿಯಪ್ಪ ಬಂದಾಗ ಕಂಬಳಿಗಳೆಲ್ಲ ಕೆಸರಾಗಿದ್ದವು. "ಬೀಗರೇ, ಮದುವೆ ಮುಂದಕ್ಕೆ ಹಾಕಿ, ಬ್ಯಾರೆ ನೇಯ್ಸಿ ಕೊಡ್ತೀನಿ" ಎಂದು ಕಾಟಯ್ಯ ತಲೆ ತಗ್ಗಿಸಿದ.

ಮಲಿಯಪ್ಪ ಒಂದನ್ನು ಎತ್ತಿ ನೋಡಿದ. "ಇಷ್ಟು ಜನ ನಡುಗಿ ಹಿಂಡು ಉಳಿಸಿದ್ದು ಇದರಾಗೈತೆ. ನನ್ನ ಸೊಸೆ ಇದರ ಮ್ಯಾಲೇ ಕೂರ್ಲಿ. ಕುರಿ ಹಿಕ್ಕೆ ಮಾತ್ರ ಕೊಡವಿ ಹಾಕ್ರಪ್ಪ" ಎಂದ. ಮದುವೆ ಹಾಗೆಯೇ ನಡೆಯಿತು. ಗುಡ್ಡಕ್ಕೆ ಈ ಹೆಸರು ನಿಂತದ್ದು ಅಂದಿನಿಂದ ಎನ್ನುತ್ತಾರೆ.

ಈಗಲೂ ಚಳಿಗಾಲದ ಪೂಜೆಗೆ ಬಂದವರು ಇದನ್ನು ಕಾಣಬಹುದು: ಕುರುಬರು ಗುಡಿಯ ಮುಂದೆ ಕಂಬಳಿ ತೆಗೆದು, ಆ ವರ್ಷದ ಎಳೆಮರಿಯೊಂದಕ್ಕೆ ಹೊದಿಸಿ, ತಾವು ನಡುಗುತ್ತಲೇ ಕೈಮುಗಿದು ನಿಲ್ಲುತ್ತಾರೆ. ಮರಿ ಬೆಚ್ಚಗಾಗಿ ಕಣ್ಣು ಮುಚ್ಚಿದ ಮೇಲೆಯೇ ಪೂಜಾರಿ ಮಂಗಳಾರತಿ ಎತ್ತುವುದು.