ಬೇರೆ ನುಡಿಯ ಎತ್ತುಗಳು

"ಅಜ್ಜಾರೇ, ಬಾಯಿಪಾಠ ಮಾಡಿದ ಮಾತು ಬೇಕಾದ ಹೊತ್ತಿಗೆ ಎಲ್ಲಿ ಹೋಗಿ ಅಡಗುತ್ತದೆ?"

ಮಠದಲ್ಲಿದ್ದು ಓದುತ್ತಿದ್ದ ಹುಡುಗ ಪಂಪಾಪತಿ ಈ ಪ್ರಶ್ನೆ ಕೇಳಿದಾಗ ಅಲ್ಲಿಯ ಹಿರಿಯರಾದ ಅಜ್ಜನವರು ಪಡಸಾಲೆಯಲ್ಲಿ ಕುಳಿತು ದೀಪದ ಬತ್ತಿ ಹೊಸೆಯುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಯಾವ ಮಾತು, ತಮ್ಮಾ?"

"ಇಂಗ್ಲಿಷಿನ ಕ್ರಿಯಾಪದಗಳು."

ಮಠದ ಛತ್ರದಲ್ಲಿ ಆ ವಾರ ಕಣ್ಣಿನ ಶಿಬಿರ ನಡೆದಿತ್ತು. ಹೊರದೇಶದ ಡಾಕ್ಟರಮ್ಮ ಬಂದಿದ್ದರು. ಅವರ ಮಾತನ್ನು ಕನ್ನಡಕ್ಕೆ ತಿರುಗಿಸಿ ರೋಗಿಗಳಿಗೆ ಹೇಳುತ್ತಿದ್ದ ನರ್ಸಿಗೆ ಜ್ವರ ಬಂದು ಅವಳು ಊರಿಗೆ ಹೋದಳು. ಆ ಕೆಲಸಕ್ಕೆ ಯಾರಾದರೂ ಬೇಕು ಎಂದಾಗ ಪಂಪಾಪತಿ ತಾನೇ ಮುಂದೆ ಬಂದಿದ್ದ. ಅವನಿಗೆ ಇಂಗ್ಲಿಷಿನ ಕ್ರಿಯಾಪದಗಳೆಲ್ಲ ಕಂಠಪಾಠವಾಗಿದ್ದವು. ಶಾಲೆಯಲ್ಲಿ ಮೇಷ್ಟರು ಹೇಳಿಕೊಟ್ಟ ಹಾಗೆ, ಒಂದೊಂದು ಪದವನ್ನೂ ಅದರ ಮೂರು ರೂಪಗಳ ಜೊತೆಗೆ ಉಸಿರು ಬಿಡದೆ ಹೇಳಬಲ್ಲವನಾಗಿದ್ದ. ನದಿಗೆ ಸ್ನಾನಕ್ಕೆ ಹೋಗುವಾಗ ಗೋ ವೆಂಟ್ ಗಾನ್ ಎಂದು ಶುರು ಮಾಡಿದರೆ ಬಟ್ಟೆ ಒಗೆದು ಹಿಂಡುವ ಹೊತ್ತಿಗೆ ಎಲ್ಲ ಮುಗಿಯುತ್ತಿತ್ತು. ಅಡುಗೆಮನೆಯವರು ಅವನಿಗೆ 'ಗೋವೆಂಟಪ್ಪ' ಎಂದು ಹೆಸರಿಟ್ಟಿದ್ದರು.

ಆ ಬೆಳಿಗ್ಗೆ ಹೀಗಾಯಿತು. ತಿಪ್ಪವ್ವ ಎಂಬ ಮುದುಕಿಗೆ ಹಿಂದಿನ ದಿನ ಕಣ್ಣಿನ ಆಪರೇಷನ್ ಆಗಿತ್ತು. ಪಟ್ಟಿ ಕಟ್ಟಿದ ಕಣ್ಣು ಚುಚ್ಚುತ್ತಿದೆ ಎಂದು ಅವಳು ಕಟ್ಟೆಯ ಮೇಲೆ ಕುಳಿತು ನರಳುತ್ತಿದ್ದಳು. ಇಂಗ್ಲಿಷ್ ಬಾರದ ಕಂಪೌಂಡರು ಬಂದು ನೋಡಿ, ಇದನ್ನು ಡಾಕ್ಟರಮ್ಮನೇ ನೋಡಬೇಕು ಎಂದರು. ಅಷ್ಟು ಹೊತ್ತಿಗೆ ಡಾಕ್ಟರಮ್ಮ ಮುಂದಿನ ಊರಿಗೆ ಹೊರಡಲು ಕಾರು ಹತ್ತಿದ್ದರು. ಪಂಪಾಪತಿ ಓಡಿದ. ಕಾರಿನ ಕಿಟಕಿ ಹಿಡಿದ. ಬಾಯಿ ತೆರೆದ.

"ಏನಂದಿ ಅವರಿಗೆ?" ಎಂದು ಅಜ್ಜನವರು ಕೇಳಿದರು.

"ಕಮ್ ಕೇಮ್ ಕಮ್ ಅಂದೆ. ಆಮೇಲೆ ಸೀ ಸಾ ಸೀನ್ ಅಂದೆ. ಎಷ್ಟು ತಡೆದರೂ ಮೂರೂ ಒಟ್ಟಿಗೇ ಬಂದವು, ಅಜ್ಜಾರೇ."

"ಅವರು?"

"ವೆರಿ ಗುಡ್ ಅಂದರು. ಬೆನ್ನು ತಟ್ಟಿದರು. ಕಾರು ಹೋಯಿತು."

ಬತ್ತಿ ಹೊಸೆಯುತ್ತಿದ್ದ ಕೈ ಒಂದು ಗಳಿಗೆ ನಿಂತಿತು. ಅಜ್ಜನವರಿಗೆ ನಗು ಬಂದಿತ್ತು, ನಗಲಿಲ್ಲ. ತಿಪ್ಪವ್ವ ಇನ್ನೂ ಛತ್ರದ ಕೋಣೆಯಲ್ಲಿ ಕಣ್ಣಿನ ಮೇಲೆ ಕೈ ಇಟ್ಟುಕೊಂಡು ಮಲಗಿದ್ದಳು. ಡಾಕ್ಟರಮ್ಮ ಮತ್ತೆ ಬರುವುದು ನಾಳೆ ಬೆಳಿಗ್ಗೆ. ಶಿಬಿರದ ಕೊನೆಯ ದಿನವೂ ಅದೇ. ನಾಳೆಯೂ ಬಾಯಿ ಹೀಗೇ ಮಾಡಿದರೆ ಅವಳ ಕಣ್ಣಿನ ಗತಿ ಏನು ಎಂಬುದು ಪಂಪಾಪತಿಯ ಚಿಂತೆ.

"ಇನ್ನೊಂದು ಸೋಜಿಗ ಇದೆ, ಅಜ್ಜಾರೇ. ನಾನು ಅಷ್ಟೊಂದು ಪದ ಕಲಿತೆ. ಡಾಕ್ಟರಮ್ಮ ಆಡುವುದು ಬೆರಳೆಣಿಕೆಯ ಪದಗಳನ್ನು. ಔಷಧಿ ಕುಡಿ ಎನ್ನುವುದಕ್ಕೂ ಟೇಕ್, ಪಟ್ಟಿ ಬಿಚ್ಚು ಎನ್ನುವುದಕ್ಕೂ ಟೇಕ್, ಕುರ್ಚಿಯ ಮೇಲೆ ಕೂರು ಎನ್ನುವುದಕ್ಕೂ ಟೇಕ್. ರೋಗಿಗಳಿಗೆ ಇಂಗ್ಲಿಷಿನ ಗಂಧವಿಲ್ಲ, ಆದರೂ ಅವರು ಕುಡಿಯುತ್ತಾರೆ, ಬಿಚ್ಚುತ್ತಾರೆ, ಕೂರುತ್ತಾರೆ. ಅರ್ಥ ಗೊತ್ತಿದ್ದ ನಾನೊಬ್ಬನೇ ಕಂಬದ ಹಾಗೆ ನಿಂತಿರುತ್ತೇನೆ. ಇದು ಹೇಗೆ?"

ಅಜ್ಜನವರು ಹೊಸೆದ ಬತ್ತಿಗಳನ್ನು ಬಟ್ಟಲಿಗೆ ಹಾಕಿ, ಇನ್ನಷ್ಟು ಹತ್ತಿ ಕೈಗೆತ್ತಿಕೊಂಡು, ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ರೈತ. ಅವನು ಗಡಿಯಾಚೆಯ ಸಂತೆಗೆ ಹೋಗಿ ಒಂದು ಜೋಡಿ ಎತ್ತು ಕೊಂಡ. ಒಳ್ಳೆಯ ಎತ್ತುಗಳು, ಗಟ್ಟಿ ಮೈಕಟ್ಟು, ಸಾಧು ಸ್ವಭಾವ. ಆದರೆ ಆ ಸೀಮೆಯ ನುಡಿ ಬೇರೆ. ಎತ್ತುಗಳು ಕರುವಾಗಿದ್ದಾಗಿನಿಂದ ಆ ನುಡಿಯನ್ನೇ ಕೇಳಿ ಬೆಳೆದವು. ನಮ್ಮ ಕಡೆಯ ಹೊಯ್, ಹೋ ಅವಕ್ಕೆ ತಿಳಿಯದು.

ರೈತ ಹುಷಾರಿ. ಹಗ್ಗ ಕೈಗೆ ತೆಗೆದುಕೊಳ್ಳುವ ಮೊದಲು ಮಾರಿದವನನ್ನು ಕೂರಿಸಿಕೊಂಡು ಕೇಳಿದ. ನಡೆ ಎನ್ನುವುದಕ್ಕೆ ಏನನ್ನುತ್ತೀರಿ, ನಿಲ್ಲು ಎನ್ನುವುದಕ್ಕೆ ಏನು, ತಿರುಗು ಎನ್ನುವುದಕ್ಕೆ, ಹಿಂದೆ ಸರಿ ಎನ್ನುವುದಕ್ಕೆ, ಕಾಲು ಎತ್ತು ಎನ್ನುವುದಕ್ಕೆ. ಮಾರಿದವನು ಒಂದೊಂದಾಗಿ ಹೇಳಿದ. ರೈತ ಊರಿನ ದಾರಿಯುದ್ದಕ್ಕೂ ಅವನ್ನೇ ಗುನುಗುತ್ತ ಬಂದ. ಎತ್ತುಗಳು ಹಿಂದೆ ಬರುತ್ತಿದ್ದವು. ಮನೆ ಮುಟ್ಟುವ ಹೊತ್ತಿಗೆ ಒಂದು ಪದವೂ ಬಿಟ್ಟುಹೋಗಿರಲಿಲ್ಲ.

ಆ ವರ್ಷದ ಮೊದಲ ಮಳೆ ಬಿದ್ದು ಹೊಲ ಹದವಾಗಿತ್ತು. ಹದ ಕಾಯುವುದಿಲ್ಲ. ಬಿಸಿಲು ಬಲಿತರೆ ಎರೆಮಣ್ಣು ಕಲ್ಲಾಗುತ್ತದೆ. ಊರವರೆಲ್ಲ ನೇಗಿಲು ಕಟ್ಟಿದ್ದರು. ರೈತನೂ ಬೆಳಗಾಗುತ್ತಲೇ ಎತ್ತಿನ ಹೆಗಲಿಗೆ ನೊಗ ಇಟ್ಟ. ನೇಗಿಲಿನ ಹಿಡಿ ಹಿಡಿದು ಹಿಂದೆ ನಿಂತ. ಗಂಟಲು ಸರಿ ಮಾಡಿಕೊಂಡು ನಡೆ ಎಂಬ ಪದ ಹೇಳಿದ.

ಎತ್ತುಗಳು ಕಿವಿ ಹಿಂದಕ್ಕೆ ತಿರುಗಿಸಿದವು. ನಡೆಯಲಿಲ್ಲ.

ಇನ್ನೊಮ್ಮೆ ಹೇಳಿದ. ಇನ್ನೂ ಗಟ್ಟಿಯಾಗಿ ಹೇಳಿದ. ಒಂದು ಎತ್ತು ಬಾಲ ಬೀಸಿ ನೊಣ ಓಡಿಸಿತು, ಅಷ್ಟೇ. ಪದ ಮರೆತೆನೇನೋ ಎಂದು ಅವನಿಗೆ ಗಾಬರಿಯಾಯಿತು. ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಯಾವುದಾದರೂ ಒಂದು ತಾಗಲಿ ಎಂದು ಮತ್ತೆ ಹೇಳಿದ. ಎತ್ತುಗಳು ಒಂದರ ಮುಖ ಒಂದು ನೋಡಿಕೊಂಡವು.

ಪಕ್ಕದ ಹೊಲದವನು ಆಗಲೇ ನಾಲ್ಕು ಸಾಲು ಹೊಡೆದು ಬದುವಿನ ಹತ್ತಿರ ಬಂದಿದ್ದ. ಇದನ್ನು ನೋಡಿ ನೇಗಿಲು ನಿಲ್ಲಿಸಿದ.

"ಏನೋ ಮಾರಾಯಾ, ಎತ್ತಿಗೆ ಮಂತ್ರ ಹೇಳಾಕ ಹತ್ತೀಯೇನು? ಮಂಗಳಾರತಿ ಯಾವಾಗ? ಪ್ರಸಾದ ತಗೊಂಡೇ ಹೋಗ್ತೀನಿ."

"ಸುಮ್ಮನಿರಪ್ಪ. ಇವು ಆ ಕಡೆಯ ಎತ್ತು. ಇವಕ್ಕ ಇವುಗಳ ಮಾತಿನಾಗ ಹೇಳಬೇಕು."

"ಹೇಳಿದ್ಯಲ್ಲ. ಕೇಳಿದ್ವೇನು?"

ಪಕ್ಕದವನು ನಗುತ್ತ ತನ್ನ ಸಾಲಿಗೆ ಹೋದ. ಬಿಸಿಲು ಏರುತ್ತಿತ್ತು. ಮೇಲುಮಣ್ಣು ಬಿಳಚಿಕೊಳ್ಳತೊಡಗಿತ್ತು. ರೈತ ಬಾರಕೋಲು ಎತ್ತಿದ, ಹೊಡೆಯಲು ಮನಸ್ಸಾಗದೆ ಇಳಿಸಿದ. ಇನ್ನು ಎತ್ತು ಬಿಚ್ಚಿ, ಯಾರ ಜೋಡಿಯನ್ನಾದರೂ ಕೇಳಿ ತರುವುದೇ ಸರಿ ಎಂದುಕೊಂಡ. ನೇಗಿಲ ಮೊನೆ ಮಣ್ಣಿನಲ್ಲಿ ಕಚ್ಚಿಕೊಂಡಿತ್ತು. ಅದನ್ನು ಸಡಿಲಿಸಲು ಹಿಡಿಯನ್ನು ಮುಂದಕ್ಕೆ ನೂಕಿ ಒಂದು ಹೆಜ್ಜೆ ಇಟ್ಟ. ಅಭ್ಯಾಸಬಲದಿಂದ ಅವನ ಬಾಯಿ ಇನ್ನೂ ನಡೆ ಎಂಬ ಪದವನ್ನೇ ಗುನುಗುತ್ತಿತ್ತು.

ಎತ್ತುಗಳು ನಡೆದವು.

ರೈತ ಬೆಚ್ಚಿ ನಿಂತ. ಎತ್ತುಗಳೂ ನಿಂತವು.

ಅವನಿಗೆ ಬಿಸಿಲು ಮರೆತುಹೋಯಿತು. ಇದೇನು ನೋಡೋಣ ಎಂದುಕೊಂಡ. ಪದ ಹೇಳಿ ಸುಮ್ಮನೆ ನಿಂತ. ಎತ್ತುಗಳು ಕಿವಿ ತಿರುಗಿಸಿದವು, ಕಾಲೆತ್ತಲಿಲ್ಲ. ಪದ ಹೇಳದೆ ಹೆಜ್ಜೆ ಇಟ್ಟ. ನೊಗ ಅಲುಗಿತು, ಎತ್ತುಗಳು ಮೈ ಬಿಗಿ ಮಾಡಿ ಏನನ್ನೋ ಕಾದವು. ಪದವನ್ನೂ ಹೆಜ್ಜೆಯನ್ನೂ ಕೂಡಿಸಿದ. ನಡೆದವು. ತನ್ನ ಹೆಜ್ಜೆ ಹಿಡಿಯ ಮೂಲಕ ನೇಗಿಲಿಗೆ, ನೇಗಿಲಿನಿಂದ ನೊಗಕ್ಕೆ, ನೊಗದಿಂದ ಎತ್ತಿನ ಹೆಗಲಿಗೆ ಹೋಗುತ್ತದೆ ಎಂದು ಅವನಿಗೆ ಆಗ ಹೊಳೆಯಿತು. ಮಾರಿದವನು ಪದಗಳನ್ನಷ್ಟೇ ಹೇಳಿಕೊಟ್ಟಿದ್ದ. ಹೆಜ್ಜೆಯನ್ನು ಹೇಳಿಕೊಡಬೇಕೆಂದು ಅವನಿಗೆ ತೋಚಿರಲಿಲ್ಲ. ಮಾರಿದವನ ಕಾಲು ಅದನ್ನು ತಾನಾಗಿ ಮಾಡುತ್ತಿತ್ತು.

ಮೊದಲ ಸಾಲು ಮುಗಿಯುತ್ತ ಬಂದಾಗ ರೈತನಿಗೆ ಮತ್ತೊಂದು ಭಯ. ಈಗ ತಿರುಗಬೇಕು. ತಿರುಗು ಎಂಬುದಕ್ಕೆ ಆ ನುಡಿಯಲ್ಲಿ ಏನು? ಬೆಳಿಗ್ಗೆ ನಾಲಗೆಯ ತುದಿಯಲ್ಲಿದ್ದ ಪದ ಈಗ ಇಲ್ಲ. ಬದು ಹತ್ತಿರವಾಯಿತು. ಬೇರೆ ದಾರಿ ಕಾಣದೆ ಅವನು ಹಗ್ಗ ಎಳೆದು ತನ್ನ ಮೈಯನ್ನೇ ಎಡಕ್ಕೆ ಹೊರಳಿಸಿದ. ಎತ್ತುಗಳು ಹೊರಳಿದವು. ಅವು ಅರ್ಧ ತಿರುಗಿದ್ದಾಗ ಪದ ಅವನ ಬಾಯಿಗೆ ಬಂತು. ಹೇಳಿದ. ಎತ್ತುಗಳು ಪೂರ್ತಿ ತಿರುಗಿ ಹೊಸ ಸಾಲಿಗೆ ನಿಂತವು.

ಅಲ್ಲಿಂದ ಮುಂದೆ ಅವನು ಪದಕ್ಕಾಗಿ ಹುಡುಕಲಿಲ್ಲ. ಮಾಡುತ್ತ ಹೋದ, ಪದ ಜೊತೆಗೂಡುತ್ತ ಬಂತು. ಒಂದೇ ಪದಕ್ಕೆ ಹಲವು ಕೆಲಸ ಇರುವುದೂ ತಿಳಿಯಿತು. ನಡೆ ಎಂಬ ಆ ಪದವನ್ನೇ ಹಗ್ಗ ಬಿಗಿದು ಹೇಳಿದರೆ ಮೆಲ್ಲಗೆ ನಡೆ ಎಂದಾಗುತ್ತಿತ್ತು, ಸಡಿಲ ಬಿಟ್ಟು ಹೇಳಿದರೆ ಬಿರುಸಾಗಿ ನಡೆ ಎಂದಾಗುತ್ತಿತ್ತು, ಕೊರಳು ಸವರುತ್ತ ಹೇಳಿದರೆ ಸಾಕು, ಮನೆಗೆ ಹೋಗೋಣ ಎಂದಾಗುತ್ತಿತ್ತು. ಇಷ್ಟನ್ನು ಸಂತೆಯಲ್ಲಿ ಯಾರಿಗೆ ಹೇಳಿಕೊಡಲು ಬರುತ್ತದೆ? ಹದ ಆರುವ ಮುನ್ನ ಹೊಲ ಉತ್ತು ಮುಗಿಯಿತು. ತಪ್ಪುಗಳು ಆಗಲಿಲ್ಲವೆಂದಲ್ಲ. ಎರಡು ಸಾಲು ಹಾವಿನ ಹಾಗೆ ಹೋಗಿದ್ದವು. ಅವುಗಳಲ್ಲಿಯೂ ಜೋಳ ಹುಟ್ಟಿತು.

ಮುಂದಿನ ಸಂತೆಗೆ ಪಕ್ಕದ ಹೊಲದವನೂ ಅಲ್ಲಿಯದೇ ಎತ್ತು ತರಲು ಹೊರಟ. ಹೊರಡುವ ಮೊದಲು ರೈತನ ಮನೆಗೆ ಬಂದು ಜಗುಲಿಯ ಮೇಲೆ ಕುಳಿತ.

"ಆ ಮಂತ್ರ ನನಗೂ ಹೇಳಪ್ಪ, ಕಲಿತುಕೊಂಡು ಹೋಗ್ತೀನಿ."

ರೈತ ಹೇಳಲು ಬಾಯಿ ತೆರೆದ. ಒಂದು ಪದವೂ ಬರಲಿಲ್ಲ. ತಲೆ ಕೆರೆದುಕೊಂಡ, ಮೇಲೆ ನೋಡಿದ, ಕೆಳಗೆ ನೋಡಿದ. ಕೊನೆಗೆ ನಕ್ಕು ಎದ್ದ.

"ಇಲ್ಲಿ ಕುಂತರ ಬರೂದಿಲ್ಲ. ಹೊಲಕ್ಕ ನಡೀ, ನೇಗಿಲ ಹಿಡೀತೀನಿ, ಆಗ ಬರ್ತಾವು."

ಅಜ್ಜನವರು ಅಲ್ಲಿಗೆ ಕತೆ ನಿಲ್ಲಿಸಿದರು.

ಪಂಪಾಪತಿ ಆ ಎತ್ತುಗಳ ಬಗ್ಗೆ ಯೋಚಿಸಿದ. ಡಾಕ್ಟರಮ್ಮನ ಕೈಗಳು ಅವನ ಕಣ್ಣ ಮುಂದೆ ಬಂದವು. ಟೇಕ್ ಎನ್ನುವಾಗ ಅವರು ಒಮ್ಮೆ ಔಷಧಿಯ ಲೋಟ ಮುಂದೆ ಚಾಚುತ್ತಿದ್ದರು, ಒಮ್ಮೆ ಪಟ್ಟಿಯ ತುದಿಗೆ ಬೆರಳು ಹಾಕುತ್ತಿದ್ದರು, ಒಮ್ಮೆ ಕುರ್ಚಿ ಎಳೆದು ಕೊಡುತ್ತಿದ್ದರು. ಪದ ಒಂದೇ ಆಗಿತ್ತು. ಕೈ ಮಾತ್ರ ಬೇರೆ ಬೇರೆ ಕೆಲಸ ಮಾಡುತ್ತಿತ್ತು. ರೋಗಿಗಳು ಕೈಯನ್ನು ನೋಡುತ್ತಿದ್ದರು. ತಾನು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಅದರ ಮೂರು ರೂಪಗಳನ್ನು ಹುಡುಕುತ್ತಿದ್ದೆ ಎಂಬುದು ನೆನಪಾಗಿ ಅವನಿಗೆ ತನ್ನ ಮೇಲೆಯೇ ನಗು ಬಂತು.

ಆದರೆ ಕಲಿತವನ ಸಂಶಯ ಅಷ್ಟು ಬೇಗ ಹೋಗುವುದಿಲ್ಲ. ನಾಳೆ ಸಿಗುವುದು ಒಂದೇ ಅವಕಾಶ. ಸರಿಯಾದ ಪದವನ್ನು ಈಗಲೇ ಆರಿಸಿಟ್ಟುಕೊಂಡರೆ ಒಳ್ಳೆಯದಲ್ಲವೇ ಎನಿಸಿತು. ಹೆಲ್ಪ್ ಎನ್ನಲೇ? ಲುಕ್ ಎನ್ನಲೇ? ಕಮ್ ಎನ್ನಲೇ? ಮೂರನ್ನೂ ತೂಗಿ ನೋಡಿದ. ಯಾವುದನ್ನೂ ನಂಬಲಾಗಲಿಲ್ಲ.

"ಅಜ್ಜಾರೇ, ಕತೆ ತಿಳಿಯಿತು. ಆದರೂ ಒಂದು ಮಾತು ಕೇಳುತ್ತೇನೆ. ನಾಳೆ ಡಾಕ್ಟರಮ್ಮ ಕಾರಿನಿಂದ ಇಳಿದಾಗ ನಾನು ಮೊದಲು ಹೇಳಬೇಕಾದ ಪದ ಯಾವುದು?"

ಅಜ್ಜನವರು ಬತ್ತಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ತಿಪ್ಪವ್ವ ಮಲಗಿದ್ದ ಕೋಣೆಯ ಕಡೆ ನೋಡಿದರು.

"ಅವರು ಇಳಿಯುವಾಗ ನಿನ್ನ ಕೈ ತಿಪ್ಪವ್ವನ ಕೈ ಹಿಡಿದಿರಲಿ, ತಮ್ಮಾ, ಯಾವ ಪದ ಎಂದು ಆಮೇಲೆ ನೀನೇ ನನಗೆ ಹೇಳು."