ಗೊರವಂಕದ ದುಭಾಷಿತನ

ಗೊರವಂಕ ಮೊದಲ ಸಲ ಗೂಡು ಬಿಟ್ಟದ್ದು ಯುಗಾದಿಯ ಮಾರನೇ ದಿನ, ಪಾಠ ಅರ್ಧಕ್ಕೇ ಕೈಬಿಟ್ಟು. ಹಡಗುಗಳಲ್ಲಿ ಅಲೆದಲೆದು ಇಂಗ್ಲಿಷು, ಸ್ಪ್ಯಾನಿಷು ಬಾಯಿಗೆ ಹತ್ತಿ, ಬಂದರಿನಲ್ಲಿ ದುಭಾಷಿಯಾಯಿತು. ಅಲ್ಲಿ ಇಂಗ್ಲಿಷ್ ಬಲ್ಲ ಮುದಿ ನಾಯಿಯೂ ಸ್ಪ್ಯಾನಿಷ್ ಹಡಗಿನ ಬೆಕ್ಕೂ ಒಂದೇ ಗೋಣಿಯ ಮೇಲೆ ಚಳಿಗಾಲ ಕಳೆದಿದ್ದವು.

ಹಡಗು ಹೊರಡುವಾಗ ನಾಯಿ, "ನನ್ನ ಜೊತೆ ಉಳಿದುಬಿಡು ಅಂತ ಅವಳಿಗೆ ಹೇಳು, ತಮ್ಮಾ" ಎಂದಿತು.

"ಕಾಯಬೇಕಂತೆ" ಎಂದು ಗೊರವಂಕ ಸ್ಪ್ಯಾನಿಷಿನಲ್ಲಿ ಹೇಳಿತು.

"ಅದಕ್ಕೇನು, ಹಡಗಿನಲ್ಲೇ ಕಾಯ್ತೀನಿ" ಎಂದು ಬೆಕ್ಕು ಹಡಗು ಹತ್ತಿತು. ಹಡಗು ಹೊರಟೇಹೋಯಿತು.

"ಏನಂದೆಯೋ ಅವಳಿಗೆ?"

"ಕಾಯೋಕೆ ಹೇಳಿದೆ. ಉಳಿಯೋದು, ಕಾಯೋದು ಎರಡೂ ಒಂದೇ ಅಲ್ಲವೇನಣ್ಣ?"

ನಾಯಿ ಬಹಳ ಹೊತ್ತು ಬರಿ ಗೋಣಿಯನ್ನೇ ಮೂಸಿತು. "ನೀನಾದರೂ ಉಳಿಯೋ, ತಮ್ಮಾ."

"ಕಾಯ್ತಿರಣ್ಣ, ಬಂದೆ" ಎನ್ನುತ್ತ ಗೊರವಂಕ ತನ್ನ ಗಂಟು ಕಟ್ಟತೊಡಗಿತು.